‘ಇರಬೇಕು’ ಎಂದ ಜಾಗದಿಂದ ಮತ್ತೆ ಬರೆಯಿರಿ

ನಮಸ್ಕಾರ. ನೀವು ಕಳಿಸಿದ ‘ಹಳೆಯ ಟ್ಯಾಂಕಿಗೆ ಮರುಜೀವ’ ಲೇಖನವನ್ನು ಎರಡು ಸಲ ಓದಿದೆ. ಅಕ್ಕಿ ಗಿರಣಿಯ ಮೂಲೆಯಲ್ಲಿ ನಾಮಫಲಕ ಕಳಚಿಹೋದ, ಅದುಮಿದ ಗಾಳಿ ತುಂಬಿಡುವ ಏರ್ ಟ್ಯಾಂಕ್, ತಳದ ಬೆಸುಗೆಯ ಪಕ್ಕ ಕೂದಲೆಳೆಯಂಥ ಬಿರುಕು, ಸೋಪಿನ ನೀರು ಸವರಿದಾಗ ಎದ್ದ ಗುಳ್ಳೆ: ಇವನ್ನು ಕೆಲಸ ಮಾಡಿದ ಕೈ ಮಾತ್ರ ಹೀಗೆ ಬರೆಯಬಲ್ಲದು. ಆದರೂ ಈಗಿರುವಂತೆ ಪ್ರಕಟಿಸಲಾರೆ.

ಕಾರಣ ಮೂರನೆಯ ಪ್ಯಾರಾದಲ್ಲಿದೆ: ‘ಸಾಮಾನ್ಯ ಮೈಲ್ಡ್ ಸ್ಟೀಲ್ ಇರಬೇಕು ಎಂದುಕೊಂಡು ಬಿರುಕು ತುಂಬಿದೆ.’ ಮೈಲ್ಡ್ ಸ್ಟೀಲ್ ಎಂದರೆ ಇಂಗಾಲ ಕಡಿಮೆಯಿರುವ ಉಕ್ಕು. ಆ ‘ಇರಬೇಕು’ ನನ್ನನ್ನು ಮುಂದಕ್ಕೆ ಓದಗೊಡಲಿಲ್ಲ. ಉಕ್ಕಿನಲ್ಲಿ ಇಂಗಾಲ, ಮ್ಯಾಂಗನೀಸ್ ಹೆಚ್ಚಿದ್ದರೆ ಬೆಸುಗೆಯ ಅಂಚು ಬೇಗ ತಣಿದಾಗ ಪೆಡಸಾಗುತ್ತದೆ. ತೇವ ಹೀರಿದ ಬೆಸುಗೆ ರಾಡಿನಿಂದ ಬಂದ ಹೈಡ್ರೋಜನ್ ಅಲ್ಲಿ ಸೇರಿದರೆ, ಬೆಸೆದು ಒಂದೆರಡು ದಿನ ಕಳೆದ ಮೇಲೂ ಒಳಗೊಳಗೇ ಬಿರುಕು ಬಿಡಬಹುದು. ಗಂಧಕ ಹೆಚ್ಚಿದ್ದರೆ ಬಿಸಿಯಿರುವಾಗಲೇ ಸೀಳುತ್ತದೆ. ನೀವು ಯಾವ ರಾಡ್ ಬಳಸಿದಿರಿ? ಒಲೆಯಲ್ಲಿ ಒಣಗಿಸಿದಿರಾ? ತಗಡನ್ನು ಮೊದಲು ಕಾಯಿಸಿದಿರಾ? ಒಂದಕ್ಕೂ ಉತ್ತರವಿಲ್ಲ.

ಗ್ರೈಂಡರ್ ಹಿಡಿದಾಗ ಕಿಡಿ ಹೇಗೆ ಹಾರಿತು? ಉದ್ದನೆಯ ಗೆರೆಗಳಾಗಿಯೋ, ತುದಿಯಲ್ಲಿ ಕವಲೊಡೆದ ಹೂಗಳಾಗಿಯೋ? ಇಂಗಾಲ ಹೆಚ್ಚಿದಷ್ಟೂ ಹೂ ಹೆಚ್ಚು. ನೀವು ಅದನ್ನು ನೋಡದೆ ಇರಲಾರಿರಿ, ನಮಗೂ ತೋರಿಸಿ. ಕಿಡಿ ಬರಿಯ ಸುಳಿವು. ತಗಡಿನ ಚೂರನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಖಚಿತ ಉತ್ತರ ಸಿಗುತ್ತದೆ ಎಂಬುದನ್ನೂ ಬರೆಯಿರಿ.

1984ರ ಜುಲೈ 23ರಂದು ಷಿಕಾಗೊ ಬಳಿಯ ರೋಮಿಯೋವಿಲ್ ತೈಲ ಶುದ್ಧೀಕರಣ ಘಟಕದಲ್ಲಿ ಗೋಪುರದಂಥ ಎತ್ತರದ ಒಂದು ಒತ್ತಡದ ಪಾತ್ರೆ ಸಿಡಿದು 17 ಜನ ಸತ್ತರು. 1974ರಲ್ಲಿ ಅದರ ಒಂದು ಸುತ್ತಿನ ತಗಡನ್ನು ಬದಲಿಸಿ ಬೆಸೆದಿದ್ದರು. ಬೆಸೆದ ಮೇಲೆ ಕಾಯಿಸಿ ಹದಗೊಳಿಸಿರಲಿಲ್ಲ. ಪೆಡಸಾಗಿ ಉಳಿದ ಅಂಚಿನಲ್ಲಿ ಬಿರುಕು ಬೆಳೆಯಿತು. ಅಲ್ಲಿ ಉಕ್ಕಿನ ದರ್ಜೆಯಾದರೂ ಗೊತ್ತಿತ್ತು.

ಇನ್ನೊಂದು ಮಾತು. ‘ಗಾಳಿ ತುಂಬಿ ಪರೀಕ್ಷಿಸಿದೆ’ ಎಂಬ ಸಾಲನ್ನು ಹಾಗೆಯೇ ಬಿಟ್ಟರೆ ಯಾರಾದರೂ ಅನುಸರಿಸುತ್ತಾರೆ. ನೀರು ಬಹುತೇಕ ಕುಗ್ಗುವುದಿಲ್ಲ, ನೀರು ತುಂಬಿ ಒತ್ತಡ ಕೊಟ್ಟಾಗ ಟ್ಯಾಂಕ್ ಬಿರಿದರೆ ಬಹುಮಟ್ಟಿಗೆ ಸೋರಿ ನಿಲ್ಲುತ್ತದೆ. ಅದುಮಿಟ್ಟ ಗಾಳಿ ತಗಡನ್ನು ಚೂರುಚೂರಾಗಿ ಎಸೆಯಬಹುದು.

ನಿಮ್ಮ ಭಾಷೆಯನ್ನು ತಿದ್ದುವ ಅಗತ್ಯವಿಲ್ಲ. ಕೊನೆಯಲ್ಲಿ ಆ ಟ್ಯಾಂಕ್ ಇಂದಿಗೂ ಕೆಲಸ ಮಾಡುತ್ತಿದೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಲೇಖನ ತಿಂಗಳು ತಡವಾದರೂ ಕಾಯುತ್ತೇನೆ. ಇವತ್ತೇ ಗಿರಣಿ ಮಾಲೀಕರಿಗೆ ಹೇಳಿ ಅದರ ಗಾಳಿ ಬಿಡಿಸಿ, ಅಧಿಕೃತ ತಪಾಸಣೆಗಾರರನ್ನು ಕರೆಸಿ.