ಐನೂರ್ವರಿಗೆ ಜಾತಿ ಅಂಟಿಸಬೇಡಿ

ಪ್ರಶ್ನೆ: ಅಯ್ಯಾವೊಳೆ ಐನೂರ್ವರು ನಮ್ಮ ಜನಾಂಗದ ಪೂರ್ವಜರಂತೆ. ಸಂಘದ ಸ್ಮರಣ ಸಂಚಿಕೆಗೆ ಆಧಾರ ಬೇಕಿತ್ತು. (ಮೈಸೂರು)

ಈ ವರ್ಷ ಇದನ್ನೇ ಕೇಳಿದ ನಾಲ್ಕನೆಯ ಸಂಘ ನಿಮ್ಮದು. ನಾಲ್ಕೂ ಬೇರೆ ಬೇರೆ ಜಾತಿ. ಒಬ್ಬರಿಗೆ ಆಧಾರ ಕೊಟ್ಟರೆ ಉಳಿದ ಮೂವರು ನನ್ನ ಮನೆ ಬಾಗಿಲಿಗೆ ಬರುತ್ತಾರೆ. ಸದ್ಯ, ಆಧಾರವೇ ಇಲ್ಲ, ಬಚಾವಾದೆ.

ಐನೂರ್ವರು ವರ್ತಕರ ಕೂಟ. ಹೆಸರು ಇಂದಿನ ಐಹೊಳೆಯದು. 'ಸೆಟ್ಟಿ' ಶಾಸನದಲ್ಲಿ ಕಂಡ ಕೂಡಲೇ ಕುಣಿಯಬೇಡಿ, ಅದು ಶ್ರೇಷ್ಠಿಯಿಂದ ಬಂದ ಮರ್ಯಾದೆಯ ಮಾತು. ಇವರ ದತ್ತಿ ಶಿವಾಲಯಕ್ಕೂ ಇದೆ, ಬಸದಿಗೂ ಇದೆ. ಶಿಕಾರಿಪುರ ತಾಲ್ಲೂಕಿನ ಶಾಸನವೊಂದರಲ್ಲಿ ಇವರು ತಿರುಗಿದ ಸೀಮೆಗಳ ಪಟ್ಟಿಯೇ ಇದೆ: ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ. ಹೊತ್ತದ್ದು ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ. 1088ರಲ್ಲಿ ಸುಮಾತ್ರಾದ ಬಾರುಸ್‌ನಲ್ಲೂ ಕಲ್ಲು ನೆಟ್ಟರು, ಅದೂ ತಮಿಳಿನಲ್ಲಿ. ಅದನ್ನು ಯಾವ ಜಾತಿಯ ಲೆಕ್ಕಕ್ಕೆ ಬರೆಯುತ್ತೀರಿ?

ಅವರನ್ನು ಹಿಡಿದಿಟ್ಟದ್ದು ವೀರ ಬಣಂಜು ಧರ್ಮ ಎಂಬ ಕಟ್ಟಳೆ. 'ವೀರ' ಸುಮ್ಮನೆ ಅಲ್ಲ, ಹೇರು ಲೂಟಿಯಾಗದಂತೆ ಆಯುಧ ಹಿಡಿದವರೂ ಜೊತೆಗಿದ್ದರು. ಶಾಸನಗಳಲ್ಲಿರುವ ಅವರ ಬಿರುದಾವಳಿ ನನಗೆ ಬೇಡ. ಅದರ ಮುಂದೆ ಇಂದಿನ ಫ್ಲೆಕ್ಸೇ ವಾಸಿ. ಅದೆಲ್ಲ ಮುಗಿದ ಮೇಲೆ ಬರುವ ಸಾಲುಗಳನ್ನು ನೋಡಿ: ದೇವರ ದೀಪಕ್ಕೆ ಎತ್ತಿನ ಹೇರಿಗೆ ಇಷ್ಟು, ಕತ್ತೆ ಹೇರಿಗೆ ಇಷ್ಟು, ಮೆಣಸಿಗೆ ಇಷ್ಟು, ವೀಳ್ಯದೆಲೆಗೆ ಇಷ್ಟು ಎಂದು ತಮಗೆ ತಾವೇ ಹಾಕಿಕೊಂಡ ವಂತಿಗೆ. ಆ ಸಂತೆಗೆ ಏನು ಬರುತ್ತಿತ್ತು, ಯಾವುದರ ಬೆನ್ನ ಮೇಲೆ ಬರುತ್ತಿತ್ತು, ಎಲ್ಲ ಅಲ್ಲಿದೆ. ಸಂಚಿಕೆಗೆ ಅದನ್ನು ಹಾಕಿ.

ಪ್ರಶ್ನೆ: ವರ್ತಕ, ದಲ್ಲಾಳಿ ಎರಡೂ ಒಂದೇ ತಾನೆ? (ಮಂಡ್ಯ)

ಅಲ್ಲ. ಸ್ವಂತ ದುಡ್ಡು ಹಾಕಿ ಕೊಂಡು, ಲುಕ್ಸಾನಾದರೆ ತಾನೇ ನುಂಗುವವನು ವರ್ತಕ. ಕೊಡಿಸಿ ಕಮಿಷನ್ ಹಿಡಿಯುವವನು ದಲ್ಲಾಳಿ. ನಿಮ್ಮೂರಲ್ಲೇ ಬೆಲ್ಲದ ಮಂಡಿ ಇಟ್ಟುಕೊಂಡು ನನ್ನನ್ನು ಕೇಳುತ್ತೀರಲ್ಲ!

ಪ್ರಶ್ನೆ: 1818ರ ಈಸ್ಟ್ ಇಂಡಿಯಾ ಕಂಪನಿಯ ರಾಮ-ಸೀತೆ ನಾಣ್ಯ ಲಕ್ಷಕ್ಕೆ ಹೋಗುತ್ತದಾ? (ಮೈಸೂರು)

ಕಂಪನಿ ಅಂಥದ್ದನ್ನು ಹೊಡೆಸಲೇ ಇಲ್ಲ. ದೇವರ ಮನೆಯಲ್ಲಿಡಿ. 'ನಾಣ್ಯ ಕೊಳ್ಳುತ್ತೇನೆ, ಮೊದಲು ನೋಂದಣಿ ಶುಲ್ಕ ಕಟ್ಟಿ' ಎಂದವನ ನಂಬರು ಪೊಲೀಸರಿಗೆ ಕೊಡಿ.

ಪ್ರಶ್ನೆ: ಗದ್ದೆ ಬದುವಿನ ಕಲ್ಲಿನಲ್ಲಿ ತಕ್ಕಡಿ, ಚೀಲ ಕೆತ್ತಿದೆ. ಅಡಿಯಲ್ಲಿ ನಿಧಿ ಇದೆ ಎಂದು ಶಾಸ್ತ್ರ ಹೇಳುವವರು ಹೇಳಿದರು. (ನಾಗಮಂಗಲ ತಾಲ್ಲೂಕು)

ಅಡಿಯಲ್ಲಿ ಮಣ್ಣಿದೆ. ಇದೂ ವರ್ತಕರ ಕಲ್ಲೇ ಇರಬಹುದು. ಚೀಲ ಹಸುಬೆ ಇರಬಹುದು, ಎತ್ತಿನ ಬೆನ್ನಿನ ಎರಡೂ ಕಡೆ ಜೋತುಬೀಳುವಂತೆ ಹಾಕುತ್ತಿದ್ದದ್ದು. ಅಕ್ಷರವಿದ್ದರೆ ಬರೀ ನೀರಲ್ಲಿ ತೊಳೆದು, ಬಿಳಿ ಹಿಟ್ಟು ಸವರಿ, ಸಂಜೆಯ ಓರೆ ಬಿಸಿಲಲ್ಲಿ ಫೋಟೊ ತೆಗೆದು ಕಳಿಸಿ. ತಂತಿ ಬ್ರಷ್ ಮುಟ್ಟಿಸಬೇಡಿ. ಇಂಥದೇ ಕಲ್ಲೊಂದನ್ನು ನಾನು ಹೋಗುವಷ್ಟರಲ್ಲಿ ಕೆಡವಿ ಎರಡು ಹೋಳು ಮಾಡಿದ್ದರು. ಗುಂಡಿಯಲ್ಲಿ ಸಿಕ್ಕಿದ್ದು ಒಂದು ಹಾವಿನ ಪೊರೆ.