ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೋತ ಸೇನಾನಿ ಕಾರ್ನ್‌ವಾಲಿಸ್‌ನನ್ನೇ ಬ್ರಿಟಿಷರು ಭಾರತಕ್ಕೆ ಯಾಕೆ ಕಳಿಸಿದರು?

ಸೋಲಿನ ತಪ್ಪನ್ನು ಅವನೊಬ್ಬನ ತಲೆಗೇ ಕಟ್ಟಲಿಲ್ಲ, ಅದಕ್ಕೆ. ಅವನು ಶರಣಾದ ಯಾರ್ಕ್‌ಟೌನ್‌ನಲ್ಲಿ ಫ್ರೆಂಚ್ ನೌಕಾಪಡೆ ಸಮುದ್ರದ ದಾರಿ ಮುಚ್ಚಿತ್ತು. ಮೇಲಧಿಕಾರಿ ಕ್ಲಿಂಟನ್‌ನ ಸಹಾಯ ಹೊತ್ತಿಗೆ ಬರಲಿಲ್ಲ. ರಾಜನಿಗೂ ಇವನ ಮೇಲೆ ವಿಶ್ವಾಸವಿತ್ತು. ಅರ್ಲ್ ಎಂಬ ದೊಡ್ಡ ಪದವಿಯ ಮನೆತನದ ಬೆಂಬಲವೂ ಸೇರಿತು ಅನ್ನಿ.

ಆದರೆ ಬರೀ ಮನೆತನದ ಹೆಸರಲ್ಲಿ ಬಂದವನಲ್ಲ. ಟ್ಯೂರಿನ್‌ನ ಸೈನಿಕ ಶಾಲೆಯಲ್ಲಿ ಕಲಿತಿದ್ದ. ಏಳು ವರ್ಷಗಳ ಯುದ್ಧದಲ್ಲಿ ಜರ್ಮನಿಯಲ್ಲಿ ಕಾದಾಡಿದ್ದ. 1780ರಲ್ಲಿ ಅಮೆರಿಕದ ಕ್ಯಾಮ್ಡೆನ್‌ನಲ್ಲಿ ದೊಡ್ಡ ಗೆಲುವು ಪಡೆದ. ಎಡವಿದ್ದೂ ಉಂಟು. 1777ರ ಜನವರಿಯಲ್ಲಿ ಟ್ರೆಂಟನ್ ಬಳಿ ಅಮೆರಿಕನ್ನರ ಸೇನಾಪತಿ ವಾಷಿಂಗ್ಟನ್‌ನನ್ನು ಬೆಳಗ್ಗೆ ಹಿಡಿದರಾಯಿತು ಎಂದು ಬಿಟ್ಟ. ಎದುರಿನ ಶಿಬಿರದಲ್ಲಿ ರಾತ್ರಿಯಿಡೀ ಬೆಂಕಿ ಉರಿಯುತ್ತಿತ್ತು. ಬೆಳಗಾದಾಗ ನೋಡಿದರೆ ಅಲ್ಲಿ ಸೈನ್ಯವೇ ಇಲ್ಲ! 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್ ಶರಣಾಗತಿಗೆ 'ಹುಷಾರಿಲ್ಲ' ಎಂದು ತಾನು ಹೋಗದೆ, ಕತ್ತಿ ಕೊಡಲು ತನ್ನ ಕೈಕೆಳಗಿನ ಅಧಿಕಾರಿ ಓಹಾರಾನನ್ನು ಕಳಿಸಿದ. ನನಗಂತೂ ಇದು ಸಣ್ಣತನ ಅನ್ನಿಸುತ್ತದೆ.

1786ರಲ್ಲಿ ಗವರ್ನರ್ ಜನರಲ್ ಹುದ್ದೆಯ ಜೊತೆಗೆ ಸೇನಾಧಿಪತ್ಯವೂ ಸಿಕ್ಕಿತು. ಟಿಪ್ಪು ವಿರುದ್ಧದ ಯುದ್ಧದಲ್ಲಿ 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದ. ಆದರೆ ಮಳೆ, ಹಸಿವು. ಎತ್ತುಗಳು ಸತ್ತು ಬಿದ್ದವು. ಎಳೆಯುವವರೇ ಇಲ್ಲದೆ ದೊಡ್ಡ ಫಿರಂಗಿಗಳನ್ನು ತಾನೇ ಹಾಳು ಮಾಡಿ ವಾಪಸ್ ಹೋದ. ಮುಂದಿನ ಸಲ ದವಸ, ಎತ್ತು ಎಲ್ಲ ಹೊಂದಿಸಿಕೊಂಡೇ ಬಂದ. 1792ರ ಫೆಬ್ರವರಿಯಲ್ಲಿ ರಾತ್ರಿ ದಾಳಿ ಮಾಡಿದ. ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಳ್ಳಬೇಕಾಯಿತು. ಇಬ್ಬರು ಮಕ್ಕಳನ್ನೂ ಒತ್ತೆಯಿಟ್ಟ.