ಚೀನೀ ಮಾತಾಡುವ ಐದು ವರ್ಷದ ಮಕ್ಕಳಿಗೆ ಅವರದೇ ಹಬ್ಬಗಳಿಂದ ಇಂಗ್ಲಿಷ್ ಕಲಿಸಬಹುದಾ?

ಖಂಡಿತ ಕಲಿಸಬಹುದು. ನೀವು ಕೇಳಿರುವುದು ಇಷ್ಟು: ತೈವಾನಿನ ಸಿನ್‌ಚುಗೆ ಹೊಸದಾಗಿ ಬಂದಿದ್ದೀರಿ. ಸೆಪ್ಟೆಂಬರಿನಿಂದ ಅಪಾರ್ಟ್‌ಮೆಂಟಿನ ಮಕ್ಕಳಿಗೆ ವಾರಕ್ಕೊಮ್ಮೆ ಇಂಗ್ಲಿಷ್ ಹೇಳಿಕೊಡಬೇಕು. ಕೈಯಲ್ಲಿರುವ ಪುಸ್ತಕದ ತುಂಬ ಹ್ಯಾಲೊವೀನ್, ಕ್ರಿಸ್‌ಮಸ್. ಅದರ ಬದಲು ಅವರ ಹಬ್ಬಗಳನ್ನೇ ಹಿಡಿದುಕೊಳ್ಳೋಣ ಅಂದರೆ ಅವು ನಿಮಗೇ ಸರಿಯಾಗಿ ಗೊತ್ತಿಲ್ಲ. ನಾನು ಇದೇ ದ್ವೀಪದಲ್ಲಿ ಕೆಲವು ವರ್ಷಗಳಿಂದ ಇಂಥದ್ದೇ ತರಗತಿ ನಡೆಸುತ್ತಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮಗೆ ಆ ಹಬ್ಬಗಳು ಗೊತ್ತಿಲ್ಲ ಅನ್ನುವುದೇ ಇಲ್ಲಿ ದೊಡ್ಡ ಅನುಕೂಲ. ಕೆಂಪು ಪೆನ್ಸಿಲ್ ಎತ್ತಿ ತೋರಿಸಿ ಇದು ಯಾವ ಬಣ್ಣ ಅಂತ ಕೇಳಿದರೆ, ಟೀಚರಿಗೆ ಉತ್ತರ ಗೊತ್ತಿದೆ ಅಂತ ಮಗುವಿಗೂ ಗೊತ್ತಿರುತ್ತದೆ. ಅದು ಪರೀಕ್ಷೆ. ನಾಚಿಕೆಯ ಮಗು ಬಾಯಿ ಬಿಡುವುದಿಲ್ಲ. ಅದೇ ಒಂದು ಮೂನ್‌ಕೇಕ್ (ಇಲ್ಲಿಯ ಹುಣ್ಣಿಮೆ ಹಬ್ಬದ, ಒಳಗೆ ಹೂರಣ ತುಂಬಿದ ತಿಂಡಿ) ಕೈಯಲ್ಲಿ ಹಿಡಿದು, ನಿಜಕ್ಕೂ ತಿಳಿಯದೆ, "ವಾಟ್ ಈಸ್ ಇನ್‌ಸೈಡ್?" ಅಂತ ಕೇಳಿ ನೋಡಿ. "ಎಗ್! ಯೆಲ್ಲೋ ಎಗ್!" ಅಂತ ನಾಲ್ಕು ಕಡೆಯಿಂದ ಕೂಗು ಬರುತ್ತದೆ. ಒಂದು ಮಗು ಎದ್ದು ಬಂದು ನಿಮ್ಮ ಕೈಯಿಂದಲೇ ಅದನ್ನು ಕಿತ್ತು ಮುರಿದು ತೋರಿಸುತ್ತದೆ. ಒಳಗೆ ಉಪ್ಪು ಹಾಕಿದ ಬಾತುಕೋಳಿ ಮೊಟ್ಟೆಯ ಹಳದಿ ಇರುತ್ತದೆ. (ನೀವು ಸಸ್ಯಾಹಾರಿಗಳಾದರೆ ತಿನ್ನುವ ಮೊದಲು ಕೇಳಿಕೊಳ್ಳಿ. ಹಂದಿ ಕೊಬ್ಬು ಹಾಕಿ ಮಾಡುವುದೂ ಉಂಟು.) ಕಥೆ, ತಿಂಡಿ, ಆಚರಣೆ ಎಲ್ಲ ಅವರಿಗೆ ಗೊತ್ತು. ಹೊಸದು ಭಾಷೆ ಒಂದೇ. ಕಲಿಯುವ ಹೊರೆ ಅಷ್ಟಕ್ಕೆ ಇಳಿಯುತ್ತದೆ.

ನಿಮಗೆ ಮೊದಲು ಸಿಗುವುದು ಶರತ್ಕಾಲದ ಹುಣ್ಣಿಮೆ ಹಬ್ಬ. 2026ರಲ್ಲಿ ಅದು ಸೆಪ್ಟೆಂಬರ್ 25. ತೈವಾನಿನಲ್ಲಿ ಆ ಸಂಜೆ ಮನೆ ಮುಂದೆ ಕೆಂಡದ ಮೇಲೆ ಮಾಂಸ, ಜೋಳ ಸುಡುತ್ತಾರೆ, ಚಕ್ಕೋತ ತಿನ್ನುತ್ತಾರೆ. ನಮ್ಮ ದೇವನಹಳ್ಳಿ ಚಕ್ಕೋತದ ಜಾತಿಯೇ. ಅದರ ಸಿಪ್ಪೆಯನ್ನು ಮೇಲಿನಿಂದ ಕೆಳಕ್ಕೆ ಸೀಳಿ, ಬುಡ ಬಿಡದ ಹಾಗೆ ಬಿಡಿಸಿ, ಟೋಪಿ ಮಾಡಿ ಮಕ್ಕಳ ತಲೆಗೆ ಇಡುವುದು ಇಲ್ಲಿಯ ವಾಡಿಕೆ. ಈ ಟೋಪಿಯಿಂದ ಒಂದು ಇಡೀ ತರಗತಿ ಆಗುತ್ತದೆ. ಮಕ್ಕಳನ್ನು ಸುತ್ತ ಕೂರಿಸಿ, ನೀವು ಚಪ್ಪಾಳೆ ತಟ್ಟುತ್ತಿರುವಾಗ ಟೋಪಿ ತಲೆಯಿಂದ ತಲೆಗೆ ಹೋಗಲಿ. ಚಪ್ಪಾಳೆ ನಿಂತಾಗ ಅದು ಯಾರ ತಲೆ ಮೇಲಿದೆಯೋ ನೋಡಿ ಎಲ್ಲರೂ "ಹಿ ಹ್ಯಾಸ್ ದ ಹ್ಯಾಟ್" ಅಥವಾ "ಶಿ ಹ್ಯಾಸ್ ದ ಹ್ಯಾಟ್" ಅನ್ನಬೇಕು. ಸುಲಭ ಅನ್ನಿಸುತ್ತದೆ, ಅಲ್ವಾ? ನಮಗೆ ಸುಲಭ. ಅವನು, ಅವಳು ಕನ್ನಡದಲ್ಲೇ ಬೇರೆ ಬೇರೆ. ಚೀನೀ ಮಾತಿನಲ್ಲಿ ಎರಡಕ್ಕೂ ಉಚ್ಚಾರ ಒಂದೇ, ಬರೆಯುವಾಗಷ್ಟೇ ವ್ಯತ್ಯಾಸ. ಇಂಗ್ಲಿಷ್ ಚೆನ್ನಾಗಿ ಬರುವ ದೊಡ್ಡವರೂ ಇಲ್ಲಿ ಎಡವುತ್ತಾರೆ. ಆದ್ದರಿಂದ ಮಗು ತಪ್ಪಿದಾಗ ತಡೆದು ತಿದ್ದಬೇಡಿ. ನೀವು ಸರಿಯಾಗಿ ಇನ್ನೊಮ್ಮೆ ಹೇಳಿ, ಟೋಪಿ ಮುಂದೆ ಹೋಗಲಿ.

ಇನ್ನೊಂದು ತೊಡಕು ಕಾಲದ್ದು. ತಿಂದೆ, ತಿನ್ನುತ್ತೇನೆ ಅಂತ ನಾವು ಕ್ರಿಯಾಪದವನ್ನೇ ಬದಲಿಸುತ್ತೇವೆ. ಚೀನೀ ಭಾಷೆಯಲ್ಲಿ ಅದು ಬದಲಾಗುವುದಿಲ್ಲ. ನಿನ್ನೆ, ನಾಳೆ ಅಂತ ಪಕ್ಕದಲ್ಲಿ ಸೇರಿಸಿದರೆ ಅವರಿಗೆ ಸಾಕು. ಇದಕ್ಕೆ ಹಬ್ಬಕ್ಕಿಂತ ಒಳ್ಳೆ ಮದ್ದು ನನಗೆ ಸಿಕ್ಕಿಲ್ಲ. ಪ್ರತಿ ಹಬ್ಬಕ್ಕೂ ಎರಡು ತರಗತಿ ಇಟ್ಟುಕೊಳ್ಳಿ. ಹಿಂದಿನ ವಾರ "ಐ ವಿಲ್ ಈಟ್...", ಮುಂದಿನ ವಾರ ಅದೇ ಮಾತು "ಐ ಏಟ್..." ಆಗಿ ಬರಲಿ. ಎರಡನೇ ತರಗತಿಗೆ ಮನೆಯವರಿಂದ ಒಂದೊಂದು ಫೋಟೋ ತರಿಸಿ. ಹೇಳಲು ನಿಜವಾದ ಸುದ್ದಿ ಇದ್ದಾಗ ಮಕ್ಕಳು ತಾವಾಗಿ ಪದ ಹುಡುಕುತ್ತಾರೆ. ಸಾಮಾನ್ಯವಾಗಿ ಎಲ್ಲರೂ ಹಬ್ಬದ ಮುಂಚೆ ಬಣ್ಣ ಹಚ್ಚಿಸಿ ಅಲ್ಲಿಗೆ ಮುಗಿಸಿಬಿಡುತ್ತಾರೆ. ಹಬ್ಬ ಮುಗಿದ ಮೇಲಿನ ತರಗತಿಯನ್ನು ದಯವಿಟ್ಟು ಕೈಬಿಡಬೇಡಿ.

ಚಾಂದ್ರಮಾನ ಹೊಸ ವರ್ಷಕ್ಕೆ ಸಾಮಗ್ರಿ ಬೇಕಾದಷ್ಟಿದೆ. ಅದು 2027ರಲ್ಲಿ ಫೆಬ್ರವರಿ 6ಕ್ಕೆ. ಹನ್ನೆರಡು ಪ್ರಾಣಿಗಳು ನದಿ ದಾಟಿ ಓಡಿದ ಕಥೆ ಪ್ರತಿ ಮಗುವಿಗೂ ಗೊತ್ತು: ಇಲಿ ಮೊದಲು, ಎತ್ತು ಎರಡನೆಯದು, ಹುಲಿ ಮೂರನೆಯದು, ಕೊನೆಗೆ ಹಂದಿ. ಫಸ್ಟ್, ಸೆಕೆಂಡ್, ಥರ್ಡ್ ಕಲಿಸಲು ಇನ್ನೇನು ಬೇಕು? ಹುಟ್ಟಿದ ವರ್ಷಕ್ಕೆ ತಕ್ಕಂತೆ ಇಲ್ಲಿ ಪ್ರತಿಯೊಬ್ಬರಿಗೂ ಈ ಹನ್ನೆರಡರಲ್ಲಿ ಒಂದು ಪ್ರಾಣಿ. ಒಂದು ಮಾತು ನೆನಪಿರಲಿ. ನಿಮ್ಮ ಮಕ್ಕಳೆಲ್ಲ 2020ರ ಕೊನೆ, 2021ರ ಮೊದಲಿನವರು. ಅಂದರೆ ಇಡೀ ತರಗತಿ ಇಲಿ, ಇಲ್ಲವೇ ಎತ್ತು. "ವಾಟ್ ಆರ್ ಯು?" ಅಂತ ಕೇಳಿದರೆ ಒಂದೇ ನಿಮಿಷದಲ್ಲಿ ಆಟ ಮುಗಿಯುತ್ತದೆ. ಮನೆಯವರ ಬಗ್ಗೆ ಕೇಳಿ. ಅಮ್ಮ ಡ್ರ್ಯಾಗನ್, ಅಪ್ಪ ಮೊಲ, 1960ರಲ್ಲಿ ಹುಟ್ಟಿದ ಅಜ್ಜ ಮೊಮ್ಮಗನ ಹಾಗೆ ಇಲಿ. "ಮೈ ಗ್ರ್ಯಾಂಡ್‌ಪಾ ಈಸ್ ಅ ರ‍್ಯಾಟ್, ಟೂ!" ಅಂತ ಒಬ್ಬ ಹುಡುಗ ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಹೊಸ ವರ್ಷಕ್ಕೆ ಮಕ್ಕಳಿಗೆ ಹಣ ಹಾಕಿ ಕೊಡುವ ಕೆಂಪು ಲಕೋಟೆಯ ಆಟವೂ ಚೆನ್ನಾಗಿರುತ್ತದೆ. ಆಟದ ನಾಣ್ಯ ಹಾಕಿ ಎಣಿಸಲು ಕೊಡಿ. "ಒನ್ ಕಾಯಿನ್, ಟೂ ಕಾಯಿನ್ಸ್." ಕೊನೆಯ ಸಕಾರ ಮತ್ತೆ ಮತ್ತೆ ಬಿಟ್ಟುಹೋಗುತ್ತದೆ. ನಾವೂ ಅವರ ಹಾಗೆ ಎರಡು ಲೋಟ, ಐದು ಪುಸ್ತಕ ಅನ್ನುವವರೇ ಅಲ್ವಾ, ಇದು ನಿಮಗೆ ಬೇಗ ಅರ್ಥವಾಗುತ್ತದೆ. ಲಕೋಟೆಯಲ್ಲಿ ಮಾತ್ರ ನಾಲ್ಕು ನಾಣ್ಯ ಇಡಬೇಡಿ. ಚೀನೀ ಮಾತಿನಲ್ಲಿ ಆ ಸಂಖ್ಯೆಯ ಉಚ್ಚಾರ ಸಾವು ಅನ್ನುವ ಪದಕ್ಕೆ ಹತ್ತಿರ. ಕೆಂಪು ಕಾಗದ ಮುಗಿಯಿತು ಅಂತ ಬಿಳಿ ಲಕೋಟೆಯನ್ನೂ ಕೊಡಬೇಡಿ. ಅದು ಸಾವಿನ ಮನೆಯಲ್ಲಿ ಕೊಡುವಂಥದ್ದು. ಅಜ್ಜಿಯಂದಿರಿಗೆ ನಿಜಕ್ಕೂ ನೋವಾಗುತ್ತದೆ.

ಜೂನ್ ಹೊತ್ತಿಗೆ ಬರುವ ಡ್ರ್ಯಾಗನ್ ದೋಣಿ ಹಬ್ಬದಲ್ಲಿ ಚೂ ಯುವಾನ್ ಎಂಬ ಕವಿ ನದಿಗೆ ಹಾರಿದ ಕಥೆಯನ್ನು ಐದು ವರ್ಷದವರಿಗೆ ನೀವಾಗಿ ಎತ್ತಬೇಡಿ. ದೋಣಿ ಓಟ ಸಾಕು. ಅದಕ್ಕಿಂತ ಜೋಂಗ್ಜಿ ಕಟ್ಟುವ ಆಟ ಆಡಿಸಿ. ಅದು ಅಂಟಕ್ಕಿಯನ್ನು ಬಿದಿರೆಲೆಯಲ್ಲಿ ಸುತ್ತಿ ಬೇಯಿಸಿದ್ದು, ಕರಾವಳಿಯ ಕೊಟ್ಟೆ ಕಡುಬಿನ ದೂರದ ನೆಂಟ ಅನ್ನಿ. ಹಸಿರು ಕಾಗದ, ಹತ್ತಿ, ದಾರ ಕೊಡಿ. ಫೋಲ್ಡ್, ಫಿಲ್, ರ‍್ಯಾಪ್, ಟೈ. ನೀವು ಹೇಳಿ, ಅವರ ಕೈ ಮಾಡಲಿ. ಆಮೇಲೆ ಒಂದು ಮಗು ಹೇಳಲಿ, ನೀವು ಮಾಡಿ. ನಿಮ್ಮ ಕೋನ ಸರಿಯಾಗಿ ಬರುವುದಿಲ್ಲ, ಬಿಚ್ಚಿಹೋಗುತ್ತದೆ. "ನೋ, ಟೀಚರ್! ಫೋಲ್ಡ್ ಅಗೇನ್!" ಅಂತ ಅವರೇ ಹೇಳಿಕೊಡುತ್ತಾರೆ.

ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಸಮಾಧಿ ಶುಚಿ ಮಾಡುವ ದಿನ. ನಾನು ಅದನ್ನು ತರಗತಿಗೆ ತರುವುದಿಲ್ಲ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇನೆ.

ಇನ್ನು, ಮಕ್ಕಳಿಗೆ ಪ್ರಶ್ನೆ ಕೇಳುವುದನ್ನೂ ಕಲಿಸಬೇಕಲ್ಲ. ಅದಕ್ಕೆ ನಮ್ಮ ಹಬ್ಬ ಬೇಕು. 2026ರ ದೀಪಾವಳಿ ನವೆಂಬರ್ 8ಕ್ಕೆ. ಹಣತೆ, ಬತ್ತಿ, ರಂಗೋಲಿ ಪುಡಿ ಚೀಲದಲ್ಲಿ ಮುಚ್ಚಿಟ್ಟು ತೆಗೆದುಕೊಂಡು ಹೋಗಿ, ಒಂದೊಂದಾಗಿ ಹೊರಗೆ ತೆಗೆಯಿರಿ, ಏನನ್ನೂ ವಿವರಿಸದೆ ಸುಮ್ನೆ ಕೂತಿರಿ. "ವಾಟ್ ಈಸ್ ದಿಸ್?" ಅನ್ನುವ ಮಾತು ಅವರಿಂದಲೇ ಬರುತ್ತದೆ. ಹಾಲ್‌ನಲ್ಲಿ ಬೆಂಕಿ ಹಚ್ಚಬಹುದಾ ಅಂತ ಮಾತ್ರ ಅಪಾರ್ಟ್‌ಮೆಂಟಿನವರನ್ನು ಮೊದಲೇ ಕೇಳಿಬಿಡಿ. ಬೇಡ ಅಂದರೆ ಬ್ಯಾಟರಿ ದೀಪವೂ ನಡೆಯುತ್ತದೆ.